ಅಟ್ಟದ ಮೇಲೆ ಓದಿದವರು

ಎಲ್ಲರಿಗೂ ನಮಸ್ಕಾರ.

ನಮ್ಮೂರು ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣಾ ನದಿಗೆ ಹತ್ತಿರ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ವರ್ಷಕ್ಕೆ ಒಂದೆರಡು ಸಲ ನಮ್ಮ ಮನೆಗೆ ವಿ.ಪಿ. ಪಾರ್ಸಲ್ ಬರುತ್ತಿತ್ತು. ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಅವ್ವ ಬೇಳೆ ಡಬ್ಬಿಯಿಂದ ನೋಟು ತೆಗೆದು, ಎರಡು ಸಲ ಎಣಿಸಿ ಕೊಡುತ್ತಿದ್ದಳು. ಕಟ್ಟಿನೊಳಗೆ ಯಾವ ಪುಸ್ತಕ ಇದೆ ಅಂತ ಬಿಚ್ಚುವ ತನಕ ಅಪ್ಪನಿಗೂ ಗೊತ್ತಿರುತ್ತಿರಲಿಲ್ಲ. ಅವರು ಧಾರವಾಡದ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನದ ಚಂದಾದಾರರು. ಗ್ರಂಥಮಾಲೆಯವರು ಒಳ್ಳೆಯದನ್ನೇ ಕಳಿಸುತ್ತಾರೆ ಅನ್ನುವ ಭರವಸೆಯ ಮೇಲೆ ಅಪ್ಪ ದುಡ್ಡು ಕೊಡುತ್ತಿದ್ದರು.

ಆ ಭರವಸೆ ಎಲ್ಲಿಂದ ಬಂತು? ಇವತ್ತು ನಾನು ಮಾತಾಡಬೇಕು ಅಂದುಕೊಂಡದ್ದು ಅದರ ಬಗ್ಗೆ.

ವಿಜಯಪುರದಲ್ಲಿ ನಿಂತು ಪ್ರಕಾಶನದ ಮಾತು ತೆಗೆದ ಮೇಲೆ ಮೊದಲು ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. ವೃತ್ತಿಯಿಂದ ವಕೀಲರು. ಆದರೆ ಊರೂರು ತಿರುಗಿ ವಚನಗಳ ತಾಳೆಗರಿ ಹುಡುಕಿದರು, ಕೂತು ಓದಿದರು. ಅವರ 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ, 1925ರಲ್ಲಿ, ಇದೇ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಅದಕ್ಕಾಗಿ ಮನೆಯನ್ನೇ ಮಾರಿದರು ಅಂತ ನಮ್ಮ ಹಿರಿಯರು ಹೇಳುತ್ತಾರೆ. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುವಾಯಿತು. ಹನ್ನೆರಡನೇ ಶತಮಾನದ ಕವಿಗಳಿಗೆ ಇಪ್ಪತ್ತನೇ ಶತಮಾನದಲ್ಲಿ ಸಿಕ್ಕ ಪ್ರಕಾಶಕ ಅಂದರೆ ಹೀಗೆ: ಒಬ್ಬ ಮನುಷ್ಯ, ಒಂದು ಯಂತ್ರ, ಕೈಯಲ್ಲಿ ಒಂದೊಂದೇ ಅಚ್ಚಿನ ಮೊಳೆ ಜೋಡಿಸುವ ಕೆಲವು ಕೆಲಸಗಾರರು. ಇವತ್ತು ನಾವು ಅಕ್ಕಮಹಾದೇವಿಯ ವಚನವನ್ನು ಸಲೀಸಾಗಿ ಹೇಳುತ್ತೇವೆ, ಅಲ್ವಾ? ಅದರ ಹಿಂದೆ ಹೀಗೆ ಮೊದಲು ಕೂತು ಓದಿದವರೊಬ್ಬರಿದ್ದರು.

ಈಗ ಧಾರವಾಡಕ್ಕೆ ಹೋಗೋಣ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅದರ ಕಚೇರಿ ಸುಭಾಸ ರಸ್ತೆಯ ಒಂದು ಕಟ್ಟಡದ ಮೇಲಿನ ಅಟ್ಟ. ಸಾಹಿತಿಗಳ ಬಾಯಲ್ಲಿ ಅದು ಬರೀ 'ಅಟ್ಟ'. 'ಅಟ್ಟಕ್ಕೆ ಹೋಗಿದ್ದೆ' ಅಂದರೆ ಸಾಕು, ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಜೋಶಿಯವರು ಸ್ವತಃ ನಾಟಕಕಾರರು. 'ಜಡಭರತ' ಅನ್ನುವ ಹೆಸರಿನಲ್ಲಿ 'ಮೂಕಬಲಿ', 'ಕದಡಿದ ನೀರು', 'ಸತ್ತವರ ನೆರಳು' ಬರೆದರು. 'ಸತ್ತವರ ನೆರಳು' ನಾಟಕವನ್ನು ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನು ಸೇರಿಸಿ ರಂಗಕ್ಕೆ ತಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು. ಜೋಶಿಯವರ ಜೊತೆ ಆ ಅಟ್ಟದಲ್ಲಿ ಕೂತವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ಇಬ್ಬರೂ ಹಸ್ತಪ್ರತಿ ಓದುತ್ತಿದ್ದರು. ನನ್ನ ಪ್ರಕಾರ ಆ ಪ್ರಕಾಶನದ ನಿಜವಾದ ಬಂಡವಾಳ ಈ ಓದು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಾಟಕ ಅಚ್ಚು ಮಾಡುವುದು ತುಂಬ ಧೈರ್ಯದ ಕೆಲಸ. ಕಾದಂಬರಿಯನ್ನು ಮನೆಯಲ್ಲಿ ಕೂತು ಓದುತ್ತಾರೆ. ನಾಟಕವನ್ನು ಯಾರು ಓದುತ್ತಾರೆ? ಅದನ್ನು ಆಡುವವರು ಓದುತ್ತಾರೆ. ಆಡುವವರು ಒಂದು ಪ್ರತಿ ಕೊಂಡು ಹತ್ತು ಜನ ಕೈಯಲ್ಲಿ ಪಾರ್ಟು ಬರೆದುಕೊಳ್ಳುತ್ತಾರೆ. ನಾನೂ ಹಾಗೇ ಬರೆದುಕೊಂಡವನು. ಜಾತ್ರೆಗೆ ಎರಡು ತಿಂಗಳು ಮೊದಲು ನಮ್ಮೂರಲ್ಲಿ ತಾಲೀಮು ಶುರುವಾಗುತ್ತಿತ್ತು. ಪೇಟಿ ಮಾಸ್ತರರ ಹತ್ತಿರ ಒಂದೇ ಒಂದು ಪುಸ್ತಕ, ಅದೂ ರಟ್ಟು ಹರಿದದ್ದು.

ಕಂಪನಿ ನಾಟಕದ ಕಾಲದಲ್ಲಿ ಇನ್ನೊಂದು ಕಷ್ಟ ಇತ್ತು. ಅಚ್ಚು ಮಾಡಿದರೆ ಬೇರೆ ಕಂಪನಿಯವರು ಆಡಿಬಿಡುತ್ತಾರೆ ಅಂತ ಮಾಲೀಕರು ಎಷ್ಟೋ ಹಸ್ತಪ್ರತಿಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುತ್ತಿದ್ದರು. ಕಂಪನಿ ಮುಚ್ಚಿದ ಮೇಲೆ ಪೆಟ್ಟಿಗೆ ಯಾರ ಮನೆಯ ಮೂಲೆ ಸೇರಿತೋ. ನಾಟಕಕಾರ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರ ಇರುವ ಊರಿದು. ಅವರ 'ರಕ್ತರಾತ್ರಿ'ಯ ಮಾತುಗಳನ್ನು ಇವತ್ತಿಗೂ ಗಡಗಡ ಹೇಳುವ ಅಜ್ಜಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅಂಥ ಅಜ್ಜಂದಿರ ಬಾಯಲ್ಲಿ ಮಾತ್ರ ಉಳಿದು, ಅವರ ಜೊತೆಗೇ ಹೋದ ನಾಟಕಗಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಇದೆಲ್ಲ ಮನಸ್ಸಿನಲ್ಲಿಟ್ಟುಕೊಂಡು 1961ನ್ನು ನೋಡಿ. ಗಿರೀಶ ಕಾರ್ನಾಡರಿಗೆ ಆಗ 23 ವರ್ಷ. ಧಾರವಾಡದಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಹುಡುಗ. ನಾಟಕಕಾರ ಅಂತ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. 'ಯಯಾತಿ' ಅವರ ಮೊದಲ ನಾಟಕ. ಅದನ್ನು ಗ್ರಂಥಮಾಲೆ ಅಚ್ಚು ಹಾಕಿತು. 1964ರಲ್ಲಿ 'ತುಘಲಕ್', 1971ರಲ್ಲಿ 'ಹಯವದನ'. ಆಮೇಲೆ ಕಾರ್ನಾಡರು ಸಿನಿಮಾ ಮಾಡಿದರು, ದೇಶಕ್ಕೆಲ್ಲ ಪರಿಚಯವಾದರು, 1998ರಲ್ಲಿ ಜ್ಞಾನಪೀಠ ಬಂತು. ಎಷ್ಟೇ ದೊಡ್ಡ ಪ್ರಕಾಶಕರಾದರೂ ಅವರ ಪುಸ್ತಕಕ್ಕೆ ಕೈ ಚಾಚುತ್ತಿದ್ದರು. ಆದರೂ 2011ರಲ್ಲಿ ಆತ್ಮಕಥೆ 'ಆಡಾಡತ ಆಯುಷ್ಯ' ಬಂದದ್ದು ಅದೇ ಅಟ್ಟದಿಂದ. 2018ರ 'ರಾಕ್ಷಸ ತಂಗಡಿ' ಕೂಡ ಅಲ್ಲಿಂದಲೇ. ಮೊದಲ ನಾಟಕಕ್ಕೂ ಕೊನೆಯ ನಾಟಕಕ್ಕೂ ನಡುವೆ 57 ವರ್ಷ! ಅಷ್ಟರಲ್ಲಿ ಅಟ್ಟದ ಮೇಲೆ ಒಂದು ತಲೆಮಾರೇ ಬದಲಾಗಿತ್ತು. ಜೋಶಿಯವರ ನಂತರ ಮಗ ರಮಾಕಾಂತ ಜೋಶಿಯವರು ಗ್ರಂಥಮಾಲೆ ನಡೆಸಿದರು.

'ರಾಕ್ಷಸ ತಂಗಡಿ' ಅಂದಾಗ ನಮ್ಮ ಕಡೆಯವರಿಗೆ ಮೈ ಜುಮ್ಮೆನ್ನಬೇಕು. 1565ರ ಆ ಯುದ್ಧವನ್ನು ಶಾಲೆಯಲ್ಲಿ ತಾಳಿಕೋಟೆ ಯುದ್ಧ ಅಂತ ಓದಿದೆವು. ಆದರೆ 'ರಾಕ್ಷಸ ತಂಗಡಿ' ಅನ್ನುವ ಹೆಸರು ಬಂದದ್ದು ಎರಡು ಹಳ್ಳಿಗಳಿಂದ. ರಕ್ಕಸಗಿ ಬಾಗಲಕೋಟೆ ಜಿಲ್ಲೆಯಲ್ಲಿದೆ, ತಂಗಡಗಿ ನಮ್ಮ ಮುದ್ದೇಬಿಹಾಳ ತಾಲ್ಲೂಕಿನಲ್ಲಿ. ನಮ್ಮ ಹೊಲಗಳ ಹೆಸರು ಹೊತ್ತ ನಾಟಕ ಧಾರವಾಡದಲ್ಲಿ ಅಚ್ಚಾಗಿ ನಮ್ಮ ಕೈಗೆ ಬಂತು. ಅಪ್ಪ ಅಷ್ಟು ಹೊತ್ತಿಗೆ ಇರಲಿಲ್ಲ. ಇದ್ದಿದ್ದರೆ ಪುಸ್ತಕ ಹಿಡಿದುಕೊಂಡು ಊರೆಲ್ಲ ತಿರುಗುತ್ತಿದ್ದರು.

ಕವಿತೆಯ ಮಾತು ಬೇರೆ. ಅದಕ್ಕೆ ಓದುವವರು ಇನ್ನೂ ಕಡಿಮೆ. ಎ.ಕೆ. ರಾಮಾನುಜನ್ ಮೈಸೂರಿನವರು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಈ ಕಡೆಯ ಜನಪದ ಕಥೆಗಳಿಗೆ ಕಿವಿಗೊಟ್ಟರು. ಆಮೇಲೆ ಶಿಕಾಗೋಗೆ ಹೋದರು. ಅಷ್ಟು ದೂರದಲ್ಲಿ ಕೂತವರ ಕನ್ನಡ ಕವಿತೆಗಳು 'ಹೊಕ್ಕುಳಲ್ಲಿ ಹೂವಿಲ್ಲ' ಅನ್ನುವ ಹೆಸರಿನಲ್ಲಿ 1969ರಲ್ಲಿ ಗ್ರಂಥಮಾಲೆಯಿಂದ ಬಂದವು. ಆ ಹೆಸರನ್ನು ಒಂದು ಸಲ ಮೆಲ್ಲಗೆ ಹೇಳಿ ನೋಡಿ. ಪದ್ಮನಾಭನ ಹೊಕ್ಕುಳಲ್ಲಿ ಕಮಲ ಅರಳಿದ ಕಥೆ ಕೇಳುತ್ತ ಬೆಳೆದವರು ನಾವು. ಕವಿ ತನ್ನ ಮೈಯನ್ನು ತಾನೇ ನೋಡಿಕೊಂಡು, ಇಲ್ಲಿ ಹೂವಿಲ್ಲ ಅನ್ನುತ್ತಾನೆ. ಅಪ್ಪನಿಗೆ ಈ ಪುಸ್ತಕ ಮೊದಲು ಹಿಡಿಸಲಿಲ್ಲ. 'ಇದೇನು ಪದ್ಯ, ಹಾಡೋಕೇ ಬರೋದಿಲ್ಲ' ಅಂದಿದ್ದರು. ಆದರೆ ವಾಪಸ್ ಕಳಿಸಲಿಲ್ಲ. ಮೂರ್ನಾಲ್ಕು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದದ್ದು ನನಗೆ ನೆನಪಿದೆ. ಚಂದಾದಾರನಾಗಿರದಿದ್ದರೆ ಅಂಗಡಿಯಲ್ಲಿ ಆ ಪುಸ್ತಕವನ್ನು ಅವರು ಮುಟ್ಟುತ್ತಲೇ ಇರಲಿಲ್ಲ.

ಇದೇ ರಾಮಾನುಜನ್ 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ಹಳಕಟ್ಟಿಯವರು ತಾಳೆಗರಿಯಿಂದ ಬಿಡಿಸಿ ತೆಗೆದ ಮಾತು ಎಲ್ಲಿಯವರೆಗೆ ಹೋಯಿತು ನೋಡಿ.

ಈಗ ನನ್ನ ಗೆಳೆಯನೊಬ್ಬನ ಮಾತು ಹೇಳಲೇಬೇಕು. ಅವನು ಚೆನ್ನಾಗಿ ಬರೆಯುತ್ತಿದ್ದ. ಒಬ್ಬ ಪ್ರಕಾಶಕರು ಅವನಿಂದ ದುಡ್ಡು ತೆಗೆದುಕೊಂಡು ಸಂಕಲನ ಹಾಕಿದರು. ಒಂದು ಸಾಲನ್ನೂ ಯಾರೂ ಓದಲಿಲ್ಲ. ಎರಡು ಕವಿತೆಗಳ ಕೊನೆಯ ಸಾಲು ಅದಲು ಬದಲಾಗಿ ಅಚ್ಚಾಗಿದ್ದವು. ಪ್ರತಿಗಳೆಲ್ಲ ಕಟ್ಟು ಕಟ್ಟಾಗಿ ಅವನ ಮನೆಗೇ ಬಂದವು, ಮಂಚದ ಕೆಳಗೆ ಸೇರಿದವು. ಅವನು ಆಮೇಲೆ ಬರೆಯಲಿಲ್ಲ. ಅವನಿಗೆ ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು, ಅಚ್ಚು ಹಾಕಿದವರೇ ತನ್ನ ಕವಿತೆ ಓದಿಲ್ಲ ಅನ್ನುವುದು. ಈ ಹೊತ್ತು ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು ಸುಲಭ, ಬೇಕಾದರೆ 50 ಪ್ರತಿಯನ್ನೂ ಹಾಕಿಸಬಹುದು. ಆದರೆ ಹಸ್ತಪ್ರತಿ ಇಟ್ಟುಕೊಂಡು ಕೂತು, 'ಈ ದೃಶ್ಯ ಉದ್ದವಾಯಿತು, ಈ ಪದ್ಯ ಇನ್ನೊಮ್ಮೆ ನೋಡು' ಅನ್ನುವವರು ಬೇಕು. ನಮ್ಮ ಕಡೆಯ ಜಿಲ್ಲೆಗಳಲ್ಲಿ ಈಗಲೂ ಮನೆಯ ಒಂದು ಕೋಣೆಯಲ್ಲಿ ಪ್ರಕಾಶನ ನಡೆಸುವವರಿದ್ದಾರೆ. ಅವರ ಹತ್ತಿರ ಹೋಗಿ. ಸುಮ್ನೆ ಸನ್ಮಾನಕ್ಕೆ ಕರೆದು ಶಾಲು ಹೊದಿಸಿ ಕಳಿಸಬೇಡಿ, ಪುಸ್ತಕ ಕೊಳ್ಳಿ. ಮುಂದಿನ ಪುಸ್ತಕಕ್ಕೆ ಈಗಲೇ ದುಡ್ಡು ಕೊಟ್ಟು ಬನ್ನಿ.

ಅಪ್ಪನ 'ಹೊಕ್ಕುಳಲ್ಲಿ ಹೂವಿಲ್ಲ' ಪ್ರತಿ ತಂದಿದ್ದೇನೆ. ಒಳಗೆ ಅವರ ಪೆನ್ಸಿಲ್ ಗುರುತುಗಳಿವೆ. ಒಂದು ಪುಟದಲ್ಲಿ ಮೊದಲು ಪ್ರಶ್ನೆ ಚಿಹ್ನೆ ಹಾಕಿ, ಆಮೇಲೆ ಅಳಿಸಿದ್ದಾರೆ. ಮುಂದಿನ ಸಾಲಿನಿಂದ ಕೈಯಿಂದ ಕೈಗೆ ಕೊಡುತ್ತ ಹೋಗಿ. ಹೊಲಿಗೆ ಬಿಚ್ಚಿದೆ, ಸ್ವಲ್ಪ ಹುಷಾರಾಗಿ ಹಿಡಿಯಿರಿ.