ಮಾಟುಂಗದ ಮೂರು ಬಾಗಿಲುಗಳು

ಇದು ಬೆಳಗಿನ ಏಳು ಗಂಟೆಯ ಮುಂಬೈ, ಸಯನ್. ಹುಬ್ಬಳ್ಳಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಮುಖವನ್ನು ಹತ್ತಿರದಿಂದ ತೋರಿಸುವ ಧೈರ್ಯ ನನಗಿಲ್ಲವಾದ್ದರಿಂದ ಕ್ಯಾಮೆರಾವನ್ನು ರಸ್ತೆಯ ಕಡೆಗೆ ತಿರುಗಿಸಿದ್ದೇನೆ. ದಾದರಿನಲ್ಲಿ ಎರಡು ದಿನದ ಕೆಲಸವಿದೆ, ಒಬ್ಬಳೇ ಬಂದಿದ್ದೇನೆ, ಎರಡು ರಾತ್ರಿ ಉಳಿಯಬೇಕು. ಒಬ್ಬಳೇ ಹೋದಾಗ ರೂಮನ್ನು ಹೇಗೆ ಆರಿಸುತ್ತೀರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಈ ಸಲ ನಾನು ಆರಿಸಿದ ರೀತಿಯಲ್ಲಿ ಒಂದು ದೊಡ್ಡ ತಪ್ಪಿದೆ; ಅದನ್ನೂ ತೋರಿಸುತ್ತೇನೆ.

ಹೊಸ ಊರಿಗೆ ಬೆಳಕಿದ್ದಾಗಲೇ ಇಳಿಯುವಂತೆ ಟಿಕೆಟ್ ತೆಗೆಯುವುದು ನನ್ನ ಹಳೆಯ ಪದ್ಧತಿ. ರಾತ್ರಿ ಹನ್ನೊಂದಕ್ಕೆ ಇಳಿದವಳು ಸಿಕ್ಕಿದ ರೂಮನ್ನು ಒಪ್ಪಿಕೊಳ್ಳುತ್ತಾಳೆ, ಬೆಳಿಗ್ಗೆ ಇಳಿದವಳಿಗೆ ಬೇಡವೆನ್ನಲು ಇಡೀ ಹಗಲು ಕೈಯಲ್ಲಿರುತ್ತದೆ. ಹನ್ನೆರಡು ಗಂಟೆಯವರೆಗೆ ರೂಮು ಕೊಡುವುದಿಲ್ಲವೆಂಬುದು ಇದರ ತೊಂದರೆ, ಆದರೆ ಲಾಡ್ಜಿನವರು ಬ್ಯಾಗನ್ನು ಕೌಂಟರಿನ ಹಿಂದೆ ಇಡಲು ಒಪ್ಪಿದ್ದಾರೆ.

ಈಗ ನೀವು ನೋಡುತ್ತಿರುವುದು ಮಾಟುಂಗ ರೈಲು ನಿಲ್ದಾಣ. ಸಯನ್ ಮತ್ತು ದಾದರ್ ನಡುವಿನ ಈ ನಿಲ್ದಾಣವನ್ನು ಮಧ್ಯ ರೈಲ್ವೆಯು 2017ರಲ್ಲಿ ಪೂರ್ಣವಾಗಿ ಮಹಿಳಾ ಸಿಬ್ಬಂದಿಗೆ ವಹಿಸಿತು, ಮರುವರ್ಷ ಇದರ ಹೆಸರು ಲಿಮ್ಕಾ ದಾಖಲೆ ಪುಸ್ತಕವನ್ನೂ ಸೇರಿತು. ಕೇಳಲು ಬಹಳ ಚೆನ್ನಾಗಿದೆ, ಆದರೆ ನಾನು ಈ ಜಾಗವನ್ನು ಆರಿಸಿದ್ದು ಅದಕ್ಕಲ್ಲ. ಟಿಕೆಟ್ ಕಿಟಕಿಯಲ್ಲಿ ಹೆಂಗಸು ಕುಳಿತ ಮಾತ್ರಕ್ಕೆ ಹೊರಗಿನ ಗಲ್ಲಿ ಬೆಳಕಾಗುವುದಿಲ್ಲ. ಇಲ್ಲಿ ರುಯಿಯಾ ಕಾಲೇಜು ಇದೆ, ಪೋದಾರ್ ಕಾಲೇಜು ಇದೆ, ಸ್ವಲ್ಪ ಮುಂದೆ ವಿಜೆಟಿಐ ಎಂಜಿನಿಯರಿಂಗ್ ಕಾಲೇಜು ಇದೆ. ಓದುವ ಹುಡುಗಿಯರು ಸಂಜೆಯ ನಂತರವೂ ಇದೇ ಪಾದಚಾರಿ ಮಾರ್ಗದಲ್ಲಿ ಓಡಾಡುತ್ತಾರೆ, ಹೂವಿನವರು ಕುಳಿತಿರುತ್ತಾರೆ, ಔಷಧಿ ಅಂಗಡಿ ತೆರೆದಿರುತ್ತದೆ. ರಾತ್ರಿ ಒಂಬತ್ತರ ಮೇಲೆ ಒಂದು ಬೀದಿಯಲ್ಲಿ ಬೇರೆ ಹೆಂಗಸರು ಕಾಣುತ್ತಾರೆಯೇ ಎಂಬುದೇ ನನಗೆ ಹೋಟೆಲಿನ ನಕ್ಷತ್ರಗಳ ಲೆಕ್ಕಕ್ಕಿಂತ ದೊಡ್ಡ ಅಳತೆ. ಬೀದಿಗಳ ಚಿತ್ರಗಳನ್ನು ಫೋನಿನಲ್ಲೇ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ 2022ರ ಜುಲೈಯಲ್ಲಿ ಭಾರತದ ಹತ್ತು ನಗರಗಳಿಗೆ ಬಂದಾಗ ಮುಂಬೈ ಕೂಡ ಆ ಪಟ್ಟಿಯಲ್ಲಿತ್ತು; ಅಂದಿನಿಂದ ನಿಲ್ದಾಣದಿಂದ ಲಾಡ್ಜಿನವರೆಗಿನ ದಾರಿಯನ್ನು ನಾನು ಮೊದಲು ಮನೆಯಲ್ಲಿ ಕುಳಿತೇ ನಡೆದು ನೋಡುತ್ತೇನೆ. ಖಾಲಿ ಗೋಡೆ, ಮುಚ್ಚಿದ ಗೋದಾಮು, ಫ್ಲೈಓವರಿನ ಕೆಳಗಿನ ತಿರುವು, ಇಂಥವು ಹೋಟೆಲಿನವರು ಹಾಕುವ ಹಾಸಿಗೆಯ ಚಿತ್ರದಲ್ಲಿ ಎಂದೂ ಕಾಣುವುದಿಲ್ಲ.

ಬಾಳೆಲೆ ಕಾಣುತ್ತಿದೆಯಲ್ಲವೇ, ಇದು ನಿಲ್ದಾಣದ ಎದುರಿನ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ. ಒಬ್ಬಳೇ ಕುಳಿತು ನಿಧಾನವಾಗಿ ಉಣ್ಣುವ ಹೆಂಗಸನ್ನು ಯಾರೂ ತಿರುಗಿ ನೋಡದ ಊಟದ ಮನೆ ಹತ್ತಿರದಲ್ಲಿದ್ದರೆ ರಾತ್ರಿಯ ಅರ್ಧ ಚಿಂತೆ ಕಳೆದಂತೆ. ಸಾರಿನ ವಿಷಯ ಇನ್ನೂ ಹೇಳಬಹುದು, ಆದರೆ ಎಲೆ ಮಡಚಿ ಆಯಿತು, ಲಾಡ್ಜಿಗೆ ಹೋಗೋಣ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಈ ರೂಮಿಗೆ ಎರಡು ರಾತ್ರಿಗೆ, ಅಲ್ಲಿಗೆ ಹೋಗಿ ಹಣ ಕೊಡುವುದಾದರೆ 4,550 ರೂಪಾಯಿ ಎಂದೂ, ಮೊದಲೇ ಕಟ್ಟಿದರೆ 4,200 ಎಂದೂ ಆ್ಯಪಿನಲ್ಲಿ ತೋರಿಸುತ್ತಿತ್ತು. ಕಡಿಮೆ ಬೆಲೆಯ ಕೆಳಗೆ, ರದ್ದು ಮಾಡಿದರೆ ಹಣ ಮರಳುವುದಿಲ್ಲ ಎಂದು ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. 350 ರೂಪಾಯಿ ಉಳಿಯಿತೆಂದು ನಾನು ಮೊದಲೇ ಕಟ್ಟಿದೆ. ಹೀಗೆ ಕಟ್ಟುವಾಗ ನಾವು ಮಾರುವುದು ರೂಮು ನೋಡಿ ‘ಬೇಡ’ ಎಂದು ಎದ್ದುಬರುವ ಹಕ್ಕನ್ನು, ಅದೂ ಎರಡು ಕಾಫಿ ಒಂದು ಮಸಾಲೆ ದೋಸೆಯ ಬೆಲೆಗೆ. ಈ ಮಾತನ್ನು ನಾನೇ ಹಿಂದಿನ ಎಷ್ಟೋ ವಿಡಿಯೊಗಳಲ್ಲಿ ಹೇಳಿದ್ದೇನೆ, ಹೇಳಿದವಳೇ ಮಾಡಿದ್ದೇನೆ.

ಮೊದಲ ರೂಮು ಎರಡನೆಯ ಮಹಡಿಯಲ್ಲಿತ್ತು. ನೆಲಮಹಡಿಯನ್ನು ಬೇಡವೆಂದು ಫೋನಿನಲ್ಲೇ ಹೇಳಿದ್ದೆ, ಏಕೆಂದರೆ ಅಲ್ಲಿನ ಕಿಟಕಿ ದಾರಿಹೋಕರ ಕೈಗೆ ಎಟುಕುತ್ತದೆ. ಹಾಸಿಗೆ ಶುಭ್ರವಾಗಿತ್ತು, ಗೀಸರ್ ಚೆನ್ನಾಗಿತ್ತು. ಈಗ ಬಾಗಿಲನ್ನು ಹತ್ತಿರದಿಂದ ನೋಡಿ. ಒಳಗಿನ ಚಿಲಕ ಹಿತ್ತಾಳೆಯದು, ನನ್ನ ಹೆಬ್ಬೆರಳಿನಷ್ಟು ದಪ್ಪ, ನೋಡಿದರೆ ಕೋಟೆಯ ಬಾಗಿಲಿನದೆಂಬ ನಂಬಿಕೆ ಬರುತ್ತದೆ. ಆದರೆ ಅದು ಹೋಗಿ ಕೂರುವ ಕೊಂಡಿಯನ್ನು ಬಾಗಿಲವಾಡಕ್ಕೆ ಅರ್ಧ ಇಂಚಿನ ಎರಡು ಸ್ಕ್ರೂಗಳಿಂದ ಕೂರಿಸಿದ್ದಾರೆ, ಆ ಸ್ಕ್ರೂಗಳು ಕಚ್ಚಿಕೊಂಡಿರುವುದು ಮರವನ್ನಲ್ಲ, ಹಿಂದೊಮ್ಮೆ ಕಿತ್ತುಹೋದ ಜಾಗಕ್ಕೆ ಮೆತ್ತಿದ ಪುಟ್ಟಿಯನ್ನು. ಚಿಲಕ ಹಾಕಿ ಹಿಡಿಕೆಯನ್ನು ಒಮ್ಮೆ ಎಳೆದಾಗ ಕೊಂಡಿಯ ಸುತ್ತ ಬಿಳಿ ಪುಡಿ ಉದುರಿತು. ಎರಡನೆಯ ಸಲ ಎಳೆಯಲು ನನಗೆ ಮನಸ್ಸಾಗಲಿಲ್ಲ. ಚಿಲಕ ಇದೆಯೇ ಎಂದು ನೋಡುವವರು ಬಹಳ, ಕೊಂಡಿ ಯಾವುದಕ್ಕೆ ಕೂತಿದೆ ಎಂದು ನೋಡುವವರು ಕಡಿಮೆ. ದಯವಿಟ್ಟು ಬ್ಯಾಗ್ ಬಿಚ್ಚುವ ಮೊದಲು ಒಳಗಿನಿಂದ ಬಾಗಿಲು ಹಾಕಿ ಮೈಭಾರ ಬಿಟ್ಟು ಎಳೆದು ನೋಡಿ.

ಕೆಳಗಿಳಿದು ಮ್ಯಾನೇಜರಿಗೆ ಹೇಳಿದೆ. ಅವರು ಕರಾವಳಿಯವರು, ನನ್ನ ಹಿಂದಿ ಕೇಳಿದವರೇ ಕನ್ನಡಕ್ಕೆ ಬಂದರು. “ಎಂತ ಹೆದರಿಕೆ ಮೇಡಂ, ಇಲ್ಲಿ ಎಂತ ಸಹ ಆಗುವುದಿಲ್ಲ. ಫ್ಯಾಮಿಲಿಯವರೇ ಬರುವುದು.” ಒಪ್ಪಿಕೊಳ್ಳುತ್ತೇನೆ, ಪರವೂರಿನಲ್ಲಿ ಕನ್ನಡ ಕಿವಿಗೆ ಬಿದ್ದಾಗ ನನ್ನ ಬಿಗಿ ಅರ್ಧ ಸಡಿಲವಾಯಿತು, ಅದೇ ರೂಮಿನಲ್ಲಿ ಇದ್ದುಬಿಡೋಣ ಎಂದೂ ಅನ್ನಿಸಿತು. ನಮ್ಮ ಭಾಷೆಯವರು ಎಂಬುದು ಸಮಾಧಾನದ ಸಂಗತಿ ಹೌದು, ಆದರೆ ಅದರಿಂದ ಕೊಂಡಿಯ ಸ್ಕ್ರೂ ಉದ್ದವಾಗುವುದಿಲ್ಲ. “ಅಣ್ಣಾ, ಬೇರೆ ರೂಮು ತೋರಿಸಿ” ಎಂದೆ.

ಎರಡನೆಯ ರೂಮಿನ ಚಿಲಕ ಗಟ್ಟಿಯಾಗಿತ್ತು. ಆದರೆ ಪರದೆ ಸರಿಸಿದಾಗ ಗೋಡೆಯಲ್ಲಿ ಇನ್ನೊಂದು ಬಾಗಿಲು ಕಂಡಿತು. ಅದು ಪಕ್ಕದ ರೂಮಿಗೆ ಹೋಗುವ ಬಾಗಿಲು, ಅದರ ಚಿಲಕ ಇರುವುದು ಆ ಕಡೆಗೆ. ಇಲ್ಲಿ ಹೆಚ್ಚು ಮಾತಿಲ್ಲ, ನಾನು ಒಳಗೆ ಕಾಲಿಟ್ಟಷ್ಟೇ ಬೇಗ ಹೊರಬಂದೆ.

ಮೂರನೆಯದು ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿನಿಂದ ಎರಡನೆಯ ಬಾಗಿಲು. ಚಿಲಕ, ಕೊಂಡಿ, ಹೊರಗೆ ಯಾರಿದ್ದಾರೆಂದು ನೋಡುವ ಗಾಜಿನ ಕಿಂಡಿ, ಎಲ್ಲವೂ ಸರಿ. ಬೆಂಕಿ ಬಿದ್ದರೆ ಇಳಿಯುವ ಹಿಂದಿನ ಮೆಟ್ಟಿಲಿಗೆ ಬೀಗ ಹಾಕಿಲ್ಲವೆಂದೂ ನೋಡಿ ಬಂದೆ. ಆದರೆ ಇದು ಎ.ಸಿ. ರೂಮಾದ್ದರಿಂದ ರಾತ್ರಿಗೆ 150 ರೂಪಾಯಿ ಹೆಚ್ಚು. ಕೆಟ್ಟ ಕೊಂಡಿ ಅವರದು, ಹೆಚ್ಚಿನ ಬಾಡಿಗೆ ನನ್ನದು, ಇದು ಯಾವ ನ್ಯಾಯವೆಂದು ಹತ್ತು ನಿಮಿಷ ವಾದಿಸಿದೆ. ಹಣ ಆಗಲೇ ಅವರ ಕೈಸೇರಿದ್ದರಿಂದ ವಾದಕ್ಕೆ ಬಲವಿರಲಿಲ್ಲ, 300 ಕೊಟ್ಟೆ. ಸಿಟ್ಟಿನಲ್ಲೇ ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ 80 ರೂಪಾಯಿಗೆ ಈ ರಬ್ಬರ್ ಬೆಣೆಯನ್ನು ತಂದೆ. ಅಂಗಡಿಯಲ್ಲಿ ಡೋರ್ ಸ್ಟಾಪರ್ ಎಂದು ಕೇಳಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಮಾತ್ರ ಇದು ಉಪಯೋಗ, ನುಣ್ಣನೆಯ ಟೈಲ್ಸಿನ ಮೇಲೆ ಜಾರುತ್ತದೆ, ಆದ್ದರಿಂದ ಅಡಿಗೆ ಒದ್ದೆ ಬಟ್ಟೆಯ ತುಂಡನ್ನು ಹಾಸಿದ್ದೇನೆ. ಒಟ್ಟು 350 ಉಳಿಸಲು ಹೋಗಿ 380 ಕಳೆದೆ.

ಕೌಂಟರಿನ ಆ ದಪ್ಪ ರಿಜಿಸ್ಟರ್ ಬಗ್ಗೆಯೂ ಹೇಳಬೇಕು. ಹೆಸರು, ಊರು, ಮೊಬೈಲ್ ಸಂಖ್ಯೆ, ರೂಮಿನ ಸಂಖ್ಯೆ, ಜನ ಎಷ್ಟು ಎಂಬ ಅಂಕಣಗಳೆಲ್ಲ ಒಂದೇ ಸಾಲಿನಲ್ಲಿವೆ. ನನ್ನ ನಂತರ ಬರುವವನು ತನ್ನ ಹೆಸರು ಬರೆಯುವಾಗ ಮೇಲಿನ ಸಾಲಿನಲ್ಲಿ ನನ್ನ ಹೆಸರು, ರೂಮು ಮತ್ತು ‘1’ ಎಂಬ ಅಂಕಿಯನ್ನು ಓದಬಹುದು. ಮುಂದಿನವರು ಬಂದಾಗ ಮೇಲಿನ ಸಾಲುಗಳ ಮೇಲೆ ಒಂದು ಕಾಗದ ಇಡಿ ಎಂದೆ. ಮ್ಯಾನೇಜರ್ ನಕ್ಕರು, ಆದರೆ ಇಟ್ಟರು. ಗುರುತಿಗೆ ನಾನು ಕೊಡುವುದು ಮೊದಲ ಎಂಟು ಅಂಕಿಗಳು ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು. ಅದು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ಜಾಲತಾಣದಲ್ಲೇ ಸಿಗುತ್ತದೆ, ಮೇಲೆ ದಿನಾಂಕವನ್ನೂ ಕಾರಣವನ್ನೂ ಬರೆದು ಕೊಡುತ್ತೇನೆ. ಕೌಂಟರಿನವರು ರೂಮಿನ ಹುಡುಗನನ್ನು ಕರೆದು ನನ್ನ ರೂಮಿನ ಸಂಖ್ಯೆಯನ್ನು ಇಡೀ ಹಾಲಿಗೆ ಕೇಳುವಂತೆ ಕೂಗಿ ಹೇಳಿದರೆ ನಾನು ಸಂಕೋಚವಿಲ್ಲದೆ ಬೇರೆ ರೂಮು ಕೇಳುತ್ತೇನೆ.

ಗುಪ್ತ ಕ್ಯಾಮೆರಾ ಹುಡುಕುವ ಆ್ಯಪುಗಳ ಮೇಲೆ ನನಗೆ ನಂಬಿಕೆಯಿಲ್ಲ. ಕನ್ನಡಿಯ ಹಿಂದಿನಿಂದ ಯಾರಾದರೂ ನೋಡಬಹುದೇ ಎಂದು ತಿಳಿಯಲು ಅದಕ್ಕೆ ಬೆರಳು ತಾಗಿಸುವ ಪರೀಕ್ಷೆಯೂ ಭರವಸೆಗೆ ತಕ್ಕದ್ದಲ್ಲ. ಅದಕ್ಕಿಂತ ಕನ್ನಡಿಯ ಹಿಂದೆ ಗೋಡೆಯಿದೆಯೇ ಎಂದು ತಟ್ಟಿ ನೋಡುವುದು ಲೇಸು. ದೀಪ ಆರಿಸಿ, ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು, ಹೊಗೆ ಪತ್ತೆ ಮಾಡುವ ಡಬ್ಬಿ, ಸ್ವಿಚ್‌ಬೋರ್ಡ್, ಮಂಚಕ್ಕೆ ಮುಖಮಾಡಿದ ಸೆಟ್‌ಟಾಪ್ ಬಾಕ್ಸ್‌ಗಳ ಮೇಲೆ ನಿಧಾನವಾಗಿ ಹಾಯಿಸಿದರೆ ಮಸೂರವಿದ್ದಲ್ಲಿ ಚುಕ್ಕೆಯಂತೆ ಹೊಳೆಯುತ್ತದೆ. ಏನಾದರೂ ಕಂಡರೆ ಕೀಳಬೇಡಿ, ಚಿತ್ರ ತೆಗೆದು, ಹೊರಬಂದು, 112ಕ್ಕೆ ಕರೆಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಹೀಗೆ ಕದ್ದು ಚಿತ್ರೀಕರಿಸುವುದು ಶಿಕ್ಷಾರ್ಹ ಅಪರಾಧ. ಮುಂಬೈಯಲ್ಲಿ ಮಹಿಳೆಯರ ನೆರವಿಗೆ ಪೊಲೀಸರ 103 ಸಂಖ್ಯೆಯೂ ಇದೆ.

ಇದು ರಾತ್ರಿ ಹತ್ತೂವರೆ. ದುಬಾರಿ ಹೋಟೆಲಿನಲ್ಲಿ ಸುರಕ್ಷತೆ ಹೆಚ್ಚು ಎಂಬುದು ಬರಿಯ ಭ್ರಮೆ ಎಂದು ಮಧ್ಯಾಹ್ನ ಹೇಳಿ ರೆಕಾರ್ಡ್ ಮಾಡಿದ್ದೆ, ಈಗ ಅದನ್ನು ಅಳಿಸಿದ್ದೇನೆ. ಹೊರಗಿನ ಕಾರಿಡಾರಿನ ಎರಡು ದೀಪಗಳಲ್ಲಿ ಒಂದು ಆರಿದೆ, ಯಾರೋ ತಪ್ಪು ಬಾಗಿಲು ತಟ್ಟಿ ಹೋದರು, ಪ್ರತಿ ಮಹಡಿಗೂ ಕಾವಲಿನವರಿರುವ ಜಾಗಕ್ಕೆ ಇನ್ನೆರಡು ಸಾವಿರ ಕೊಡಬಹುದಿತ್ತು ಎಂದು ಈ ಕ್ಷಣ ಅನ್ನಿಸುತ್ತಿದೆ. ಬಾಗಿಲು ತಟ್ಟಿದರೆ ತೆರೆಯದೆ ಕೌಂಟರಿಗೆ ಫೋನ್ ಮಾಡಿ, ಯಾರನ್ನು ಕಳಿಸಿದ್ದೀರಿ ಎಂದು ಕೇಳುತ್ತೇನೆ; ಈಗಲೂ ಕೇಳಿದೆ, ಎರಡನೆಯ ರಿಂಗಿಗೇ ಎತ್ತಿದರು. ಇದನ್ನು ಬುಕ್ ಮಾಡುವ ಮೊದಲೂ ಪರೀಕ್ಷಿಸುವುದುಂಟು. ರಾತ್ರಿ ಹತ್ತರ ಮೇಲೆ ಲಾಡ್ಜಿಗೆ ಫೋನ್ ಮಾಡಿ ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ ಎಂದು ಕೇಳಿದರೆ, ಎತ್ತುವವರು ಇದ್ದಾರೆಯೇ ಎಂಬುದೂ ಅವರು ಯಾವ ದನಿಯಲ್ಲಿ ಮಾತನಾಡುತ್ತಾರೆ ಎಂಬುದೂ ತಿಳಿಯುತ್ತದೆ.

ಲಾಡ್ಜೇ ಬೇಡವೆನ್ನುವವರಿಗೆ ಮುಂಬೈಯಲ್ಲಿ ಬೇರೆ ದಾರಿಗಳಿವೆ. ಮೇಡಂ ಕಾಮಾ ರಸ್ತೆಯಲ್ಲಿ ಮಹಿಳಾ ಸಂಘಟನೆಯಾದ ವೈಡಬ್ಲ್ಯುಸಿಎ ಅತಿಥಿಗೃಹವಿದೆ, ಮೊದಲೇ ಕಾದಿರಿಸಬೇಕು. ಮುಂಬೈ ಸೆಂಟ್ರಲ್ ನಿಲ್ದಾಣದಲ್ಲಿ 2021ರ ನವೆಂಬರಿನಲ್ಲಿ ತೆರೆದ, ಡಬ್ಬಿಯಂಥ ಪುಟ್ಟ ಮಲಗುವ ಜಾಗಗಳಾದ ಪಾಡ್ ಕೊಠಡಿಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ವಿಭಾಗವಿದೆ. ಒಂದು ರಾತ್ರಿಗೆ ಅದು ನನಗೆ ಸರಿ, ಎರಡನೆಯ ರಾತ್ರಿ ಆ ಡಬ್ಬಿಯಲ್ಲಿ ಮಲಗುವುದು ನನ್ನಿಂದಾಗದು. ಸರಿ, ಬ್ಯಾಟರಿ ಕೆಂಪಾಯಿತು, ನಾಳೆ ನೋಡೋಣ.

ಇದು ಮೂರನೆಯ ದಿನದ ಬಸ್ಸು, ಪನ್ವೇಲ್ ದಾಟಿದ್ದೇವೆ. ಈಗಷ್ಟೇ ಲಾಡ್ಜಿನಿಂದ ಫೋನ್ ಬಂದಿತ್ತು. “ಮೇಡಂ, ನೀವು ಬಾಗಿಲ ಹಿಂದೆ ಒಂದು ರಬ್ಬರ್ ತುಂಡು ಬಿಟ್ಟು ಹೋಗಿದ್ದೀರಿ. ಅದು ಎಂತಕ್ಕೆ, ಮಂಚದ ಕಾಲಿಗಾ?” ಎಂದು ಮ್ಯಾನೇಜರ್ ಕೇಳಿದರು. ಎರಡನೆಯ ಮಹಡಿಯ ಆ ಕೊಂಡಿಗೆ ಉದ್ದದ ಸ್ಕ್ರೂ ಹಾಕುವವರೆಗೆ ಅದನ್ನು ಅಲ್ಲೇ ಇಡಿ ಅಣ್ಣಾ ಎಂದೆ.