ಕಂಪೈಲ್ ಮಾಡಿದಾಗ ಒಳಗೆ ಏನಾಗುತ್ತದೆ? ಸಿ ಕೋಡ್‌ನಿಂದ ಎಕ್ಸಿಕ್ಯೂಟಬಲ್‌ವರೆಗೆ

[ದೃಶ್ಯ: ಲಿನಕ್ಸ್ ಕಂಪ್ಯೂಟರ್. ಎಡಿಟರ್‌ನಲ್ಲಿ ಚಿಕ್ಕದೊಂದು ಸಿ ಫೈಲ್ ತೆರೆದಿದೆ.]

ಎಲ್ಲರಿಗೂ ನಮಸ್ಕಾರ. ತೆರೆಯ ಮೇಲಿರುವ ಸಿ ಪ್ರೋಗ್ರಾಮ್‌ನಲ್ಲಿ ಕೆಲವೇ ಸಾಲುಗಳಿವೆ. ಮೊದಲ ಸಾಲು ಸ್ಟ್ಯಾಂಡರ್ಡ್ ಇನ್‌ಪುಟ್-ಔಟ್‌ಪುಟ್ ಹೆಡರ್ ಫೈಲನ್ನು ಇನ್‌ಕ್ಲೂಡ್ ಮಾಡುತ್ತದೆ. ಮೇನ್ ಫಂಕ್ಷನ್ನಿನ ಒಳಗೆ, ಪ್ರಿಂಟ್‌ಎಫ್ ಮೂಲಕ ‘ನಮಸ್ಕಾರ’ ಎಂಬ ಪದವನ್ನು ಹೊಸ ಸಾಲಿನ ಚಿಹ್ನೆಯೊಂದಿಗೆ ಮುದ್ರಿಸಿ, ‘ಮೊತ್ತ’ ಎಂಬ ವೇರಿಯಬಲ್‌ನಲ್ಲಿ 5 + 3 * 2 ಎಂಬ ಲೆಕ್ಕದ ಉತ್ತರವನ್ನು ಇರಿಸಿ, ಅದನ್ನೇ ರಿಟರ್ನ್ ಮಾಡಿದ್ದೇವೆ. ವೇರಿಯಬಲ್‌ನ ಹೆಸರು ಕನ್ನಡ ಲಿಪಿಯಲ್ಲಿಯೇ ಇದೆ. ಸಿ ಕೋಡನ್ನು ಕಂಪೈಲ್ ಮಾಡುವ ಜಿಸಿಸಿ ಎಂಬ ಸಾಧನದ, 2020ರಲ್ಲಿ ಬಂದ 10ನೆಯ ಆವೃತ್ತಿಯಿಂದೀಚೆಗೆ ಹೀಗೆ ನೇರವಾಗಿ ಬರೆಯಲು ಅಡ್ಡಿಯಿಲ್ಲ.

ಪ್ರೊಸೆಸರ್‌ಗೆ ಇದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವ ರೂಪಕ್ಕೆ ಇದನ್ನು ತರುವ ಕೆಲಸಕ್ಕೆ ನಾವು ಒಟ್ಟಾರೆಯಾಗಿ ‘ಕಂಪೈಲ್ ಮಾಡುವುದು’ ಎನ್ನುತ್ತೇವೆ. ಆದರೆ ಆ ಒಂದು ಮಾತಿನ ಹಿಂದೆ ಹಲವು ಪ್ರೋಗ್ರಾಮ್‌ಗಳು ಸರದಿಯಂತೆ ದುಡಿಯುತ್ತವೆ, ಮತ್ತು ಒಂದಕ್ಕೆ ಗೊತ್ತಿರುವ ಸಂಗತಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ತೆರೆಯ ಮೇಲೆ ಬಂದ ಎರರ್ ಇವುಗಳಲ್ಲಿ ಯಾವುದರದ್ದು ಎಂದು ತಿಳಿಯದ ಕಾರಣಕ್ಕೇ ಎಷ್ಟೋ ವಿದ್ಯಾರ್ಥಿಗಳು ಸರಿಯಾಗಿರುವ ಸಾಲನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. ಆದ್ದರಿಂದ ಈ ಸರದಿಯನ್ನು ಒಮ್ಮೆ ಬಿಡಿಸಿ ನೋಡೋಣ.

[ದೃಶ್ಯ: ಟರ್ಮಿನಲ್‌ನಲ್ಲಿ ಜಿಸಿಸಿ ಆದೇಶ, ಜೊತೆಗೆ ‘ಹೈಫನ್ ವಿ’ ಆಯ್ಕೆ. ಉದ್ದನೆಯ ಸಾಲುಗಳು ಮೇಲಕ್ಕೆ ಸರಿಯುತ್ತವೆ.]

ಜಿಸಿಸಿ ಎಂಬ ಆದೇಶ ಕಟ್ಟಡದ ಮೇಸ್ತ್ರಿಯಂತೆ: ತಾನು ಇಟ್ಟಿಗೆ ಇಡುವುದಿಲ್ಲ, ಯಾರನ್ನು ಯಾವಾಗ ಕರೆಯಬೇಕು ಎಂಬುದನ್ನು ಬಲ್ಲದು. ‘ಹೈಫನ್ ವಿ’ ಸೇರಿಸಿ ಓಡಿಸಿದರೆ ಅದು ಯಾರನ್ನೆಲ್ಲ ಕರೆಯಿತು ಎಂಬುದು ಕಾಣುತ್ತದೆ. ಮೊದಲು ಸಿಸಿ1 ಎಂಬ ನಿಜವಾದ ಕಂಪೈಲರ್, ನಂತರ ಅಸೆಂಬ್ಲರ್, ಕೊನೆಗೆ ಲಿಂಕರ್.

ಕಂಪೈಲರ್‌ನ ಮೊದಲ ಹಂತ ಪ್ರೀಪ್ರೊಸೆಸಿಂಗ್. ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಇಲ್ಲಿ ತೀರಿಹೋಗುತ್ತವೆ. ಇನ್‌ಕ್ಲೂಡ್ ಸಾಲಿದ್ದ ಜಾಗಕ್ಕೆ ಹೆಡರ್ ಫೈಲ್‌ನ ಪಠ್ಯವೆಲ್ಲ ಬಂದು ಕೂರುವುದರಿಂದ ನಮ್ಮ ಪುಟ್ಟ ಫೈಲ್ ನೂರಾರು ಸಾಲುಗಳಷ್ಟು ಬೆಳೆಯುತ್ತದೆ. ಒಂದು ಅಂಶವನ್ನು ಇಲ್ಲಿ ಗಟ್ಟಿಯಾಗಿ ನೆನಪಿಡಬೇಕು: ಹೀಗೆ ಬಂದ ಪಠ್ಯದಲ್ಲಿ ಪ್ರಿಂಟ್‌ಎಫ್ ಫಂಕ್ಷನ್ನಿನ ಕೋಡ್ ಇಲ್ಲ. ಅಂಥದ್ದೊಂದು ಫಂಕ್ಷನ್ ಇದೆ, ಅದು ಇಂಥ ಆರ್ಗ್ಯುಮೆಂಟ್‌ಗಳನ್ನು ತೆಗೆದುಕೊಂಡು ಇಂಟಿಜರ್ ಒಂದನ್ನು ಹಿಂತಿರುಗಿಸುತ್ತದೆ ಎಂಬ ಘೋಷಣೆ ಮಾತ್ರ ಇದೆ.

[ದೃಶ್ಯ: ‘ಇಂಟ್ ಮೊತ್ತ = 5 + 3 * 2;’ ಎಂಬ ಸಾಲು ಒಂಬತ್ತು ತುಂಡುಗಳಾಗಿ ಒಡೆಯುತ್ತದೆ; ಬಳಿಕ ಅವು ಮರದ ಆಕಾರಕ್ಕೆ ಜೋಡಿಸಿಕೊಳ್ಳುತ್ತವೆ.]

ಮುಂದಿನ ಹಂತದಲ್ಲಿ ಈ ಪಠ್ಯ ಟೋಕನ್‌ಗಳಾಗಿ, ಅಂದರೆ ಅರ್ಥವುಳ್ಳ ಬಿಡಿ ತುಂಡುಗಳಾಗಿ, ಒಡೆಯುತ್ತದೆ. ಮೊತ್ತದ ಸಾಲಿನಲ್ಲಿ ಕೊನೆಯ ಸೆಮಿಕೋಲನ್ ಸೇರಿ ಒಂಬತ್ತು ಟೋಕನ್‌ಗಳಿವೆ. ಪಾರ್ಸರ್ ಇವುಗಳನ್ನು ಭಾಷೆಯ ವ್ಯಾಕರಣಕ್ಕೆ ಅನುಗುಣವಾಗಿ ಒಂದು ಮರದಂತೆ ಜೋಡಿಸುತ್ತದೆ. ಗುಣಾಕಾರ ಕೆಳಗಿನ ಕೊಂಬೆಯಲ್ಲಿಯೂ ಸಂಕಲನ ಅದರ ಮೇಲೆಯೂ ಬರುವುದರಿಂದ ಉತ್ತರ 16 ಆಗದೆ 11 ಆಗುತ್ತದೆ. ಸೆಮಿಕೋಲನ್ ಬಿಟ್ಟುಹೋದಾಗ ಗದರುವುದು ಈ ಪಾರ್ಸರ್. ಮರ ಸಿದ್ಧವಾದ ಮೇಲೆ, ಬಳಸಿದ ಹೆಸರುಗಳೆಲ್ಲ ಘೋಷಿತವಾಗಿವೆಯೇ, ಟೈಪ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪರಿಶೀಲನೆ ನಡೆಯುತ್ತದೆ.

ಅನುವಾದದ ಫಲವನ್ನು ಕಣ್ಣಾರೆ ನೋಡಲು ‘ಹೈಫನ್ ದೊಡ್ಡ ಎಸ್’ ಆಯ್ಕೆಯಿಂದ ಕಂಪೈಲರನ್ನು, ಯಂತ್ರಭಾಷೆಗೆ ಹತ್ತಿರವಾಗಿದ್ದರೂ ನಾವು ಓದಬಲ್ಲ ಅಸೆಂಬ್ಲಿ ಭಾಷೆಯ ಬಳಿಯೇ ನಿಲ್ಲಿಸಬಹುದು.

[ದೃಶ್ಯ: ಅಸೆಂಬ್ಲಿ ಫೈಲ್. ಮೂರು ಸಾಲುಗಳಿಗೆ ಹಳದಿ ಗುರುತು.]

ಗುರುತು ಹಾಕಿರುವ ಸಾಲುಗಳನ್ನು ಗಮನಿಸಿ. ಮೊದಲನೆಯದರಲ್ಲಿ ‘ನಮಸ್ಕಾರ’ ಎಂಬ ಪದ ಇರಬೇಕಿತ್ತು; ಆದರೆ ಅಲ್ಲಿ 340, 262, 250 ಎಂದು ಆರಂಭವಾಗುವ ಆಕ್ಟಲ್ (ಎಂಟರ ಆಧಾರದ) ಅಂಕಿಗಳ ಸಾಲಿದೆ. ಈ ಮೂರು ಬೈಟ್‌ಗಳು ಸೇರಿ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಸಂಕೇತದಲ್ಲಿ ‘ನ’ ಆಗುತ್ತವೆ. ಯೂನಿಕೋಡ್‌ನ ಲೆಕ್ಕದಲ್ಲಿ ‘ಸ್’ನಲ್ಲಿರುವ ವಿರಾಮ ಚಿಹ್ನೆ ಮತ್ತು ‘ಕಾ’ದ ದೀರ್ಘದ ಚಿಹ್ನೆಯೂ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ಈ ಪದದಲ್ಲಿ ಏಳು ಸಂಕೇತಗಳಿವೆ. ಒಂದಕ್ಕೆ ಮೂರರಂತೆ 21 ಬೈಟ್, ಸ್ಟ್ರಿಂಗ್ ಮುಗಿಯಿತೆಂದು ತಿಳಿಸುವ ಸೊನ್ನೆ ಸೇರಿ 22. ಕಂಪೈಲರ್‌ಗೆ ಇದು ಕನ್ನಡವೆಂಬ ಅರಿವಿಲ್ಲ. ಬೈಟ್‌ಗಳನ್ನು ಇದ್ದ ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಕನ್ನಡದಲ್ಲಿ ಸಾಫ್ಟ್‌ವೇರ್ ಬರೆಯಬಯಸುವವರಿಗೆ ಇದು ನಿಜಕ್ಕೂ ನೆಮ್ಮದಿಯ ಸಂಗತಿ.

ಎರಡನೆಯ ಸಾಲಿನಲ್ಲಿ ಪ್ರಿಂಟ್‌ಎಫ್ ಇಲ್ಲ, ಅದರ ಬದಲು ‘ಪುಟ್ಸ್’ ಇದೆ. ಮುದ್ರಿಸಬೇಕಾದ ಸ್ಟ್ರಿಂಗ್‌ನಲ್ಲಿ ಶೇಕಡಾ ಚಿಹ್ನೆಯ ಫಾರ್ಮ್ಯಾಟ್ ಯಾವುದೂ ಇಲ್ಲದಿರುವುದನ್ನೂ, ಅದು ಹೊಸ ಸಾಲಿನ ಚಿಹ್ನೆಯಿಂದ ಮುಗಿಯುವುದನ್ನೂ ಕಂಡ ಜಿಸಿಸಿ, ಅದೇ ಕೆಲಸವನ್ನು ಇನ್ನೂ ಹಗುರವಾಗಿ ಮಾಡುವ ಫಂಕ್ಷನ್ನನ್ನು ತಾನಾಗಿಯೇ ಆರಿಸಿಕೊಂಡಿದೆ; ಹೊಸ ಸಾಲನ್ನು ಪುಟ್ಸ್ ತಾನೇ ಸೇರಿಸುವುದರಿಂದ ಆ ಚಿಹ್ನೆ 22 ಬೈಟ್‌ಗಳ ಲೆಕ್ಕದಲ್ಲಿಲ್ಲ. ಮೂರನೆಯ ಸಾಲಿನಲ್ಲಿ ಗುಣಾಕಾರವೂ ಇಲ್ಲ, ಸಂಕಲನವೂ ಇಲ್ಲ, ‘ಮೊತ್ತ’ ಎಂಬ ಹೆಸರೂ ಇಲ್ಲ. 11 ಎಂಬ ಸಂಖ್ಯೆಯನ್ನು ಸ್ಟ್ಯಾಕ್ ಎಂಬ ಮೆಮೊರಿ ಭಾಗದ ಒಂದು ಜಾಗದಲ್ಲಿ ಇಡು ಎಂಬ ಸೂಚನೆಯಷ್ಟೇ ಇದೆ. ಲೆಕ್ಕವನ್ನು ಕಂಪೈಲರ್ ಆಗಲೇ ಮಾಡಿ ಮುಗಿಸಿದೆ.

ಈ ಬಗೆಯ ಜಾಣ್ಮೆ ಮೊದಲಿನಿಂದಲೂ ಕಂಪೈಲರ್‌ಗಳ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಐಬಿಎಂ 704 ಯಂತ್ರಕ್ಕಾಗಿ ಜಾನ್ ಬ್ಯಾಕಸ್ ಅವರ ತಂಡ ಸಿದ್ಧಪಡಿಸಿದ ಫೋರ್ಟ್ರಾನ್ ಕಂಪೈಲರ್ 1957ರಲ್ಲಿ ಬಳಕೆದಾರರ ಕೈಸೇರಿತು. ನುರಿತ ಪ್ರೋಗ್ರಾಮರ್ ಕೈಯಾರೆ ಬರೆದ ಕೋಡ್‌ಗಿಂತ ಕಂಪೈಲರ್ ಕೊಟ್ಟ ಕೋಡ್ ಬಹಳ ನಿಧಾನವಾದರೆ ಇದನ್ನು ಯಾರೂ ಮುಟ್ಟುವುದಿಲ್ಲ ಎಂಬ ಆತಂಕ ಆ ತಂಡಕ್ಕಿತ್ತು. ಆದ್ದರಿಂದಲೇ ಅವರು ಆಪ್ಟಿಮೈಸೇಶನ್ನಿಗೆ, ಅಂದರೆ ಕೋಡನ್ನು ಚುರುಕುಗೊಳಿಸುವುದಕ್ಕೆ, ಅಪಾರ ಶ್ರಮ ಹಾಕಿದರು.

[ದೃಶ್ಯ: ಮೂರನೆಯ ಸಾಲು ಏಳು ಬೈಟ್‌ಗಳಾಗಿ ಬದಲಾಗುತ್ತದೆ: ಸಿ7 45 ಎಫ್‌ಸಿ 0ಬಿ 00 00 00]

ಅಸೆಂಬ್ಲಿಯನ್ನು ಯಂತ್ರಭಾಷೆಯ ಬೈಟ್‌ಗಳಾಗಿಸುವ ಅಸೆಂಬ್ಲರ್‌ನ ಕೆಲಸ ಹೆಚ್ಚು ಯಾಂತ್ರಿಕವಾದದ್ದು. ಇಂಟೆಲ್ ಮತ್ತು ಎಎಂಡಿ ಮಾದರಿಯ 64 ಬಿಟ್ ಪ್ರೊಸೆಸರ್‌ನಲ್ಲಿ ನಮ್ಮ ಮೊತ್ತದ ಸಾಲು ಈ ಏಳು ಬೈಟ್‌ಗಳಾಗುತ್ತದೆ. ಹೆಕ್ಸಾಡೆಸಿಮಲ್‌ನ (ಹದಿನಾರರ ಆಧಾರದ) 0ಬಿ ಎಂದರೆ ನಮ್ಮ 11. ಹೀಗೆ ಸಿದ್ಧವಾದ ಆಬ್ಜೆಕ್ಟ್ ಫೈಲ್‌ನಲ್ಲಿ ಯಂತ್ರಭಾಷೆ ಇದ್ದರೂ ಅದು ಓಡುವುದಿಲ್ಲ. ಕಾರಣ ಪುಟ್ಸ್ ಕರೆಯ ಜಾಗದಲ್ಲಿದೆ.

[ದೃಶ್ಯ: ಇ8 00 00 00 00. ನಾಲ್ಕು ಸೊನ್ನೆಗಳು ಮಿನುಗುತ್ತವೆ.]

ಇ8 ಎಂದರೆ ‘ಕಾಲ್’ ಸೂಚನೆ. ಎಲ್ಲಿಗೆ ಹೋಗಬೇಕು ಎಂಬ ದೂರವನ್ನು ಅದರ ಮುಂದಿನ ನಾಲ್ಕು ಬೈಟ್‌ಗಳು ಹೇಳಬೇಕು, ಆದರೆ ಅಲ್ಲಿ ಬರೀ ಸೊನ್ನೆಗಳಿವೆ. ಪುಟ್ಸ್ ಎಲ್ಲಿದೆ ಎಂಬುದು ಕಂಪೈಲರ್‌ಗೂ ತಿಳಿಯದು, ಅಸೆಂಬ್ಲರ್‌ಗೂ ತಿಳಿಯದು. ಆದುದರಿಂದ ಅಸೆಂಬ್ಲರ್ ಆ ಜಾಗವನ್ನು ಖಾಲಿ ಬಿಟ್ಟು, ಇಲ್ಲಿ ಪುಟ್ಸ್‌ನ ವಿಳಾಸ ತುಂಬಬೇಕು ಎಂಬ ಟಿಪ್ಪಣಿಯನ್ನು ಅದೇ ಫೈಲ್‌ನಲ್ಲಿ ಬರೆದಿಡುತ್ತದೆ. ಇದಕ್ಕೆ ರಿಲೊಕೇಶನ್ ಎನ್ನುತ್ತಾರೆ. ಫೈಲ್‌ನಲ್ಲಿರುವ ಹೆಸರುಗಳ ಪಟ್ಟಿ ತೋರಿಸುವ ‘ಎನ್‌ಎಂ’ ಆದೇಶದಿಂದ ಆಬ್ಜೆಕ್ಟ್ ಫೈಲನ್ನು ನೋಡಿದರೆ, ಮೇನ್ ಹೆಸರಿನ ಪಕ್ಕದಲ್ಲಿ ‘ಟಿ’ ಎಂದೂ ಪುಟ್ಸ್ ಪಕ್ಕದಲ್ಲಿ ‘ಯು’ ಎಂದೂ ಇರುತ್ತದೆ: ಮೊದಲನೆಯದು ಈ ಫೈಲ್‌ನಲ್ಲಿಯೇ ಇದೆ, ಎರಡನೆಯದನ್ನು ಹೊರಗಿನಿಂದ ತರಬೇಕು.

ತರುವುದು ಲಿಂಕರ್. ಪಾಠಗಳಲ್ಲಿ ಇದಕ್ಕೆ ಸಿಗುವ ಗಮನ ತೀರಾ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಇದು ಈ ಸರದಿಯಲ್ಲಿ ಅತ್ಯಂತ ಎಚ್ಚರದಿಂದ ಕಲಿಯಬೇಕಾದ ಹಂತ. 1952ರಲ್ಲಿ ಯುನಿವ್ಯಾಕ್ ಯಂತ್ರಕ್ಕಾಗಿ ಗ್ರೇಸ್ ಹಾಪರ್ ಅವರು ರೂಪಿಸಿದ ಎ-0, ಕಂಪೈಲರ್‌ಗಳ ಇತಿಹಾಸದಲ್ಲಿ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಆದರೆ ಅದು ಮಾಡುತ್ತಿದ್ದುದು, ಮೊದಲೇ ಬರೆದಿಟ್ಟ ಸಬ್‌ರೂಟೀನ್‌ಗಳನ್ನು ಹುಡುಕಿ, ವಿಳಾಸಗಳನ್ನು ಹೊಂದಿಸಿ ಒಂದು ಪ್ರೋಗ್ರಾಮ್ ಆಗಿ ಜೋಡಿಸುವ ಕೆಲಸವನ್ನು, ಅಂದರೆ ಬಹುಮಟ್ಟಿಗೆ ಇಂದಿನ ಲಿಂಕರ್‌ನ ಕೆಲಸವನ್ನು.

ಲಿಂಕರ್ ನಮ್ಮ ಆಬ್ಜೆಕ್ಟ್ ಫೈಲ್‌ಗೆ ಆರಂಭದ ಕೋಡನ್ನೂ ಸೇರಿಸುತ್ತದೆ. ಪ್ರೋಗ್ರಾಮ್ ಮೇನ್‌ನಿಂದ ಶುರುವಾಗುತ್ತದೆ ಎಂದು ನಾವು ಕಲಿತಿದ್ದರೂ ವಾಸ್ತವದಲ್ಲಿ ಮೊದಲು ಓಡುವುದು ‘ಅಂಡರ್‌ಸ್ಕೋರ್ ಸ್ಟಾರ್ಟ್’ ಎಂಬ ತುಣುಕು. ಸಿ ಲೈಬ್ರರಿಯ ಮೂಲಕ ಅದು ಮೇನ್ ಅನ್ನು ಕರೆಸುತ್ತದೆ. ಮೇನ್ ಹೆಸರನ್ನು ತಪ್ಪಾಗಿ ಬರೆದಾಗ, ನಾವೆಂದೂ ಬರೆಯದ ‘ಸ್ಟಾರ್ಟ್’ ಎಂಬ ಹೆಸರು ಎರರ್‌ನಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ.

ಪುಟ್ಸ್‌ನ ಕೋಡ್ ಸಾಮಾನ್ಯವಾಗಿ ನಮ್ಮ ಫೈಲ್‌ಗೆ ನಕಲಾಗುವುದಿಲ್ಲ. ಲಿಂಕರ್ ಒಂದು ಪುಟ್ಟ ಮಧ್ಯಂತರ ತುಣುಕನ್ನು ಇರಿಸಿ, ನಾಲ್ಕು ಸೊನ್ನೆಗಳ ಜಾಗದಲ್ಲಿ ಅಲ್ಲಿಗಿರುವ ದೂರವನ್ನು ತುಂಬುತ್ತದೆ. ನಾವು ಪ್ರೋಗ್ರಾಮನ್ನು ಓಡಿಸಿದಾಗ ಡೈನಮಿಕ್ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮ್ ಸಿ ಲೈಬ್ರರಿಯನ್ನು ಮೆಮೊರಿಗೆ ತಂದು, ಪುಟ್ಸ್‌ನ ನಿಜವಾದ ವಿಳಾಸವನ್ನು ಹೊಂದಿಸುತ್ತದೆ.

[ದೃಶ್ಯ: ಪ್ರೋಗ್ರಾಮ್ ಓಡುತ್ತದೆ. ತೆರೆಯ ಮೇಲೆ ‘ನಮಸ್ಕಾರ’. ಶೆಲ್‌ನಲ್ಲಿ ಎಕ್ಸಿಟ್ ಕೋಡ್ ಕೇಳಿದಾಗ 11.]

ಈಗ ಎರರ್‌ಗಳಿಗೆ ಬರೋಣ. ಪ್ರಿಂಟ್‌ಎಫ್ ಬದಲು ಕೈತಪ್ಪಿ ‘ಪ್ರಿನ್‌ಎಫ್’ ಎಂದು ಬರೆದರೆ ಹಳೆಯ ಜಿಸಿಸಿ ಒಂದು ಎಚ್ಚರಿಕೆ ಕೊಟ್ಟು ಮುಂದೆ ಸಾಗುತ್ತಿತ್ತು, ತಕರಾರು ಎತ್ತುತ್ತಿದ್ದುದು ಲಿಂಕರ್: ‘ಅನ್‌ಡಿಫೈನ್ಡ್ ರೆಫರೆನ್ಸ್’. ಘೋಷಣೆಯಿಲ್ಲದ ಫಂಕ್ಷನ್ನನ್ನು ಕರೆಯುವ ಸೌಲಭ್ಯವನ್ನು ಸಿ ಭಾಷೆಯ 1999ರ ಮಾನಕವೇ ತೆಗೆದುಹಾಕಿದ್ದರೂ, ಜಿಸಿಸಿ ಇದನ್ನು ಎರರ್ ಎಂದು ಪರಿಗಣಿಸತೊಡಗಿದ್ದು 2024ರಲ್ಲಿ ಬಂದ 14ನೆಯ ಆವೃತ್ತಿಯಲ್ಲಿ. ಅದೇ ತಪ್ಪು ಈಗ ಲಿಂಕರ್‌ವರೆಗೆ ಹೋಗದೆ ಕಂಪೈಲರ್‌ನಲ್ಲಿಯೇ ಸಿಕ್ಕಿಬೀಳುತ್ತದೆ.

ವರ್ಗಮೂಲ ಕಂಡುಹಿಡಿಯುವ ‘ಎಸ್‌ಕ್ಯೂಆರ್‌ಟಿ’ ಫಂಕ್ಷನ್ನಿನದು ಇದಕ್ಕಿಂತ ಗೊಂದಲದ ಪ್ರಸಂಗ. ಗಣಿತದ ಹೆಡರ್ ಫೈಲನ್ನು ಸರಿಯಾಗಿ ಇನ್‌ಕ್ಲೂಡ್ ಮಾಡಿದ್ದರೂ ಲಿನಕ್ಸ್‌ನಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬರುತ್ತದೆ, ಏಕೆಂದರೆ ಹೆಡರ್‌ನಲ್ಲಿರುವುದು ಘೋಷಣೆ. ಕೋಡ್ ಇರುವುದು ಪ್ರತ್ಯೇಕವಾದ ಗಣಿತ ಲೈಬ್ರರಿಯಲ್ಲಿ. ಆದೇಶದ ಕೊನೆಯಲ್ಲಿ, ಫೈಲ್ ಹೆಸರಿನ ನಂತರ, ‘ಹೈಫನ್ ಎಲ್ ಎಂ’ ಸೇರಿಸಿ ಲಿಂಕರ್‌ಗೆ ಆ ಲೈಬ್ರರಿಯನ್ನು ತೋರಿಸಬೇಕು. ಹೀಗಿದ್ದರೂ, 16.0 ಎಂಬ ಸಂಖ್ಯೆಯನ್ನೇ ಕೋಡ್‌ನಲ್ಲಿ ಬರೆದು ಅದರ ವರ್ಗಮೂಲ ಕೇಳಿದರೆ ‘ಹೈಫನ್ ಎಲ್ ಎಂ’ ಇಲ್ಲದೆಯೂ ಎಕ್ಸಿಕ್ಯೂಟಬಲ್ ಸಿದ್ಧವಾಗುತ್ತದೆ. ಅದೇ ಸಂಖ್ಯೆಯನ್ನು ಬಳಕೆದಾರರಿಂದ ಪಡೆದು ವೇರಿಯಬಲ್‌ನಲ್ಲಿಟ್ಟು ಕೇಳಿದರೆ ಆಗುವುದಿಲ್ಲ. ಮೊದಲ ಸಂದರ್ಭದಲ್ಲಿ, 5 + 3 * 2 ಅನ್ನು 11 ಮಾಡಿದಂತೆಯೇ, ಕಂಪೈಲರ್ ಉತ್ತರವನ್ನು ತಾನೇ 4 ಎಂದು ಬರೆದುಬಿಟ್ಟಿರುತ್ತದೆ. ಆ ಆಬ್ಜೆಕ್ಟ್ ಫೈಲ್‌ನ ಮೇಲೆ ‘ಎನ್‌ಎಂ’ ಓಡಿಸಿ ನೋಡಿ: ಎಸ್‌ಕ್ಯೂಆರ್‌ಟಿ ಎಂಬ ಹೆಸರೇ ಅಲ್ಲಿರುವುದಿಲ್ಲ, ಹಾಗಾಗಿ ಲಿಂಕರ್ ಅದನ್ನು ಹುಡುಕುವುದೂ ಇಲ್ಲ.