ಮಂಜಿನ ದಂಡೆಯಲ್ಲಿ ನಸುಕಿನ ನಡಿಗೆ

ಹಿರಿಯರೇ, ಚಿತ್ರಕಲೆಯ ವಿದ್ಯಾರ್ಥಿಗಳೇ,

ವಿಜಯಪುರದಲ್ಲಿ ನಿಂತು ಕಡಲ ಮಂಜಿನ ಬಗ್ಗೆ ಮಾತನಾಡಲು ನನಗೆ ಸಂಕೋಚವಿಲ್ಲ. ನಮ್ಮ ಎರೆ ಹೊಲದ ಹಿಂಗಾರಿ ಜೋಳಕ್ಕೆ ಮಂಜೆಂದರೆ ತಂಪು, ದ್ರಾಕ್ಷಿ ತೋಟದವರಿಗೆ ಅದೇ ಮಂಜೆಂದರೆ ರೋಗದ ಭಯ. ಮಂಜನ್ನು ಬಲ್ಲ ಜನ ನಾವು. ಆದರೆ ಅದನ್ನು ಕಣ್ಣಿಟ್ಟು ನೋಡುವುದನ್ನು ನಾನು ಕಲಿತದ್ದು ಕಾರವಾರದಲ್ಲಿ.

ಕಳೆದ ಚಳಿಗಾಲ ಅಲ್ಲಿ ಎಂಟು ದಿನ ಇದ್ದೆ. ದಿನವೂ ನಸುಕಿನಲ್ಲಿ ದಂಡೆಗುಂಟ ಕಾಳಿ ನದಿಯ ಮುಖದ ಕಡೆಗೆ ನಡೆಯುತ್ತಿದ್ದೆ. ಮೊದಲ ನಾಲ್ಕು ದಿನ ಪೆನ್ಸಿಲ್ಲನ್ನೂ ಒಯ್ಯಲಿಲ್ಲ. ಕೈಯಲ್ಲಿ ಕುಂಚವಿದ್ದರೆ ಕಣ್ಣು ಅವಸರಪಡುತ್ತದೆ. ಮೊದಲ ದಿನ ಕಂಡದ್ದು ಬರೀ ಬಿಳುಪು. ಮೂರನೆಯ ದಿನ ಆ ಬಿಳುಪಿನೊಳಗೆ ಪದರಗಳು ಕಂಡವು. ಮರಳ ಮೇಲೆ ಎಳೆದಿಟ್ಟ ದೋಣಿ ಕಡುಗಪ್ಪು. ಅದರಾಚೆಯ ಗಾಳಿಮರಗಳ ಸಾಲು ಅದರ ಅರ್ಧದಷ್ಟೂ ಕಪ್ಪಿಲ್ಲ. ನದಿಯಾಚೆಯ ಸದಾಶಿವಗಡದ ಗುಡ್ಡಕ್ಕೆ ನೆತ್ತಿ ಮಾತ್ರ ಇದೆ, ಬುಡವಿಲ್ಲ. ಮಂಜು ನೀರಿನ ಮೇಲೆ ತಗ್ಗಿನಲ್ಲಿ ಮಲಗಿರುತ್ತದೆ, ಆದ್ದರಿಂದ ಬುಡವೇ ಮೊದಲು ಕರಗುತ್ತದೆ.

ಐದನೆಯ ದಿನ ಕೋಣೆಗೆ ಮರಳಿ ನೆನಪಿನಿಂದಲೇ ಬರೆಯಲು ಕುಳಿತೆ. ಏಳು ಹಾಳೆ ಕೆಟ್ಟವು. ಕಾರಣ ಒಂದೇ: ಗುಡ್ಡ ಎಲ್ಲಿ ಮುಗಿಯುತ್ತದೆಂದು ನನಗೆ ಗೊತ್ತಿತ್ತು, ಗೊತ್ತಿದ್ದದ್ದನ್ನೇ ಬರೆದೆ. ಕಂಡದ್ದನ್ನು ಬರೆಯಲಿಲ್ಲ.

ಎಂಟನೆಯ ಹಾಳೆಗೆ ಮೊದಲು ನೀರು ಹಚ್ಚಿದೆ. ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವಾದರೆ ಅಷ್ಟು ನೀರನ್ನು ತಾಳುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಉಸಿರಾಡುವ ಬೂದು ಸಿಗುತ್ತದೆ. ಟ್ಯೂಬಿನ ಕಪ್ಪು ಬೆರೆಸಿದ ಬೂದು ಸತ್ತಿರುತ್ತದೆ. ಕಾಗದ ಹಸಿಯಿದ್ದಾಗ ಗುಡ್ಡ, ಅದರ ಹೊಳಪು ಆರುವ ಹೊತ್ತಿಗೆ ಮರ, ಪೂರ್ತಿ ಒಣಗಿದ ಮೇಲೆ ದೋಣಿ. ಬಿಳಿ ಬಣ್ಣ ಮುಟ್ಟಲೇ ಇಲ್ಲ. ಕಾಗದವೇ ಮಂಜು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕರಾವಳಿಯ ಬೆಳಗಿನ ಚಿತ್ರವೆಂದರೆ ಕಡಲಿನಿಂದ ಏಳುವ ಕಿತ್ತಳೆ ಸೂರ್ಯನನ್ನು ಬರೆಯುವವರು ಬಹಳ. ನಮ್ಮ ಕಡಲು ಪಡುವಣದ್ದು! ಸೂರ್ಯ ಬೆನ್ನ ಹಿಂದೆ, ಘಟ್ಟದ ಕಡೆಯಿಂದ ಏಳುತ್ತಾನೆ. ಕಡಲ ಮಂಜಿಗೆ ಮೊದಲು ನೆತ್ತಿಯಲ್ಲಿ ನಸುಗೆಂಪು ತಾಗುತ್ತದೆ, ಅಷ್ಟೇ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ ಅಲ್ಲಿನ ಲ ಹಾವ್ರ್ ಬಂದರಿನ 1872ರ ಚಿತ್ರದಲ್ಲಿ ಕಿತ್ತಳೆ ಸೂರ್ಯನನ್ನು ಇಟ್ಟ, ನಿಜ. ಆ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ನೋಡಿ: ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ. ಸುತ್ತಲಿನ ಮಂಜಿಗೂ ಅವನಿಗೂ ಬೆಳಕಿನಲ್ಲಿ ಅಂತರವಿಲ್ಲ, ಬಣ್ಣದಲ್ಲಿ ಮಾತ್ರ ಇದೆ. ಮಂಜಿನಲ್ಲಿ ಕಾಣದ ಅಂಚನ್ನು ಬರೆದಿದ್ದರಿಂದಲೇ ನನ್ನ ಏಳು ಹಾಳೆಗಳು ಕೆಟ್ಟವೆಂಬುದು ನನಗೆ ಪೂರ್ತಿ ತಿಳಿದದ್ದು ಆ ಚಿತ್ರದ ಮುಂದೆ.

ಕಾರವಾರ ದೂರವೆಂದು ಕೊರಗಬೇಡಿ. ಈ ದಿನಗಳಲ್ಲಿ ನಸುಕಿಗೆ ಗೋಳಗುಮ್ಮಟವೂ ಮಂಜಿನಲ್ಲಿ ಇರುತ್ತದೆ. ನಾಳೆ ಆರು ಗಂಟೆಗೆ ಅದರ ಎದುರಿನ ರಸ್ತೆಯಲ್ಲಿ ಸೇರೋಣ. ಕುಂಚ ತರಬೇಡಿ.